ಮೊದಲ ಸಾಲಿನಲ್ಲಿ ಗುಂಡಿ

"ಮೊದಲನೇ ಸಾಲಲ್ಲಿ ಕುಡಿತ ಹಾಕು," ಅಂದ ಅಶ್ವತ್ಥ್.

ನಾನು ಹಾಕಲಿಲ್ಲ. ನಡೆದದ್ದು ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ 'ಪರವಾಗಿಲ್ಲ, ಗಟ್ಟಿ ಹೆಂಗಸು' ಅಂದುಕೊಂಡು ನೀವು ನಿಮ್ಮ ಪಾಡಿಗೆ ಹೋಗುತ್ತೀರಿ. ನನ್ನ ಗಟ್ಟಿತನವನ್ನು ತೆಗೆದುಕೊಂಡು ಏನು ಮಾಡಲಿ? ನಾನು ಹಾಕದೇ ಇದ್ದದ್ದನ್ನು ಬೇರೆಯವರು ಹಾಕಿದರು. ಅದನ್ನೂ ಹೇಳುತ್ತೇನೆ, ಕೇಳಿ.

ನನ್ನ ಹೆಸರು ದಾಕ್ಷಾಯಣಿ. ಮತ್ತಿಕೆರೆಯ ಕಾಲೇಜಿನ ಮುಂದಿನ ರಸ್ತೆ ಗುಡಿಸುವ ಪೌರಕಾರ್ಮಿಕಳ ಮಗಳು. ಹೆಬ್ಬಾಳದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ. ಡಾಕ್ಟರು ಬರೆದ ಕಾಯಿಲೆಗಳನ್ನು ಓದಿ, ಒಂದೊಂದಕ್ಕೂ ಇರುವ ಕೋಡ್ ಹುಡುಕಿ, ಸಾಲಾಗಿ ಜೋಡಿಸಿ ಇನ್ಶೂರೆನ್ಸಿನವರಿಗೆ ಕಳಿಸಬೇಕು. ಅವರು ಆ ಸಾಲು ನೋಡಿ ಒಪ್ಪುತ್ತಾರೆ, ಇಲ್ಲವೇ ತಳ್ಳಿಹಾಕುತ್ತಾರೆ. ಇದನ್ನು ವಿವರಿಸಿದಾಗ ನಮ್ಮಮ್ಮ ಅಂದಿದ್ದಳು: "ಅಂದ್ರೆ ನೀನೂ ಕಸ ಬೇರೆ ಮಾಡೋ ಕೆಲ್ಸಾನೇ ಅನ್ನು. ಹಸಿ ಒಂದ್ ಕಡೆ, ಒಣ ಒಂದ್ ಕಡೆ." ನಾನು ನಕ್ಕಿದ್ದೆ. ಏಸಿ ಇದೆ ಅಮ್ಮಾ ಅಂದಿದ್ದೆ.

ಈ ಜೋಡಣೆಯಲ್ಲಿ ಎಲ್ಲವೂ ಇರುವುದು ಮೊದಲ ಸಾಲಿನಲ್ಲಿ. ಮನುಷ್ಯನನ್ನು ಆಸ್ಪತ್ರೆಯ ಮಂಚಕ್ಕೆ ತಂದು ಹಾಕಿದ್ದು ಯಾವುದೋ ಅದೇ ಮೊದಲು ಬರಬೇಕು. ಉಳಿದದ್ದೆಲ್ಲ ಅದರ ಕೆಳಗೆ. ಸಕ್ಕರೆ ಕಾಯಿಲೆಯವನು ಬಸ್ಸಿನಿಂದ ಬಿದ್ದು ಕಾಲು ಮುರಿದುಕೊಂಡರೆ ಕಾಲು ಮೊದಲು, ಸಕ್ಕರೆ ಆಮೇಲೆ. ವಿಷವಾದರಂತೂ ನಿಯಮದಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ವಿಷ ಮೊದಲು. ವಿಷ ದೇಹಕ್ಕೆ ಏನು ಮಾಡಿತೋ ಅದು ಆಮೇಲೆ. ಕೆಟ್ಟ ಗಾಳಿ ಕುಡಿದು ಶ್ವಾಸಕೋಶ ಸುಟ್ಟರೆ ಗಾಳಿಯನ್ನೇ ಮೊದಲು ಬರೆಯಬೇಕು.

ನಾವು ಕೂರುವುದು ನೆಲಮಾಳಿಗೆಯಲ್ಲಿ. ಕಿಟಕಿ ಇಲ್ಲ. ಗೋಡೆಯ ಆಚೆಗೆ ಇಡೀ ಆಸ್ಪತ್ರೆಯ ಕೊಳಚೆ ನೀರು ಬಂದು ಬೀಳುವ ಗುಂಡಿ. ಮಧ್ಯಾಹ್ನದ ಹೊತ್ತಿಗೆ ವಾಸನೆ ಗೋಡೆ ದಾಟಿ ಬರುತ್ತದೆ. ಕೆಲಸಕ್ಕೆ ಸೇರಿದ ದಿನ ಆ ಗೋಡೆಯ ಪಕ್ಕದ ಸೀಟು ಖಾಲಿ ಇತ್ತು. ಯಾರೂ ಕೂರುತ್ತಿರಲಿಲ್ಲ. "ದಾಕ್ಷಾಯಣಿ ಕೂತ್ಕೊಳ್ಲಿ ಬಿಡಿ, ಅವಳಿಗೆ ಅಭ್ಯಾಸ ಇರತ್ತೆ," ಅಂದಿದ್ದ ಅಶ್ವತ್ಥ್. ಅವನು ನಮ್ಮ ಟೀಮ್ ಲೀಡ್, ಅಮ್ಮನ ಕೆಲಸ ಏನೆಂದು ಇಂಟರ್‌ವ್ಯೂನಲ್ಲೇ ಕೇಳಿದ್ದ. ಕೆಂಪಾಪುರದವನು. ತಾತನ ಜಮೀನಿನ ಮೇಲೆ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ. ಎಲ್ಲರೂ ನಕ್ಕರು. ನಾನು ಬ್ಯಾಗು ಇಟ್ಟು ಕೂತೆ. ಕೂತದ್ದಕ್ಕೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ.

ಪಕ್ಕದ ಸೀಟಿನ ತಸ್ನೀಮ್ ಮಾತ್ರ ನಕ್ಕಿರಲಿಲ್ಲ. ಆರ್.ಟಿ. ನಗರದ ಹುಡುಗಿ. ಮರುದಿನ ಒಂದು ನಿಂಬೆಹಣ್ಣು ತಂದು ನನ್ನ ಕೀಬೋರ್ಡಿನ ಪಕ್ಕ ಇಟ್ಟಳು. "ವಾಸನೆ ಜಾಸ್ತಿ ಆದ್ರೆ ಮೂಸು," ಅಂದಳು. ಒಣಗಿದಾಗಲೆಲ್ಲ ಹೊಸದು ತಂದಿಡುತ್ತಿದ್ದಳು.

ಗುಂಡಿಗೆ ಇಳಿದವರು, ಮೋರಿ ಬಾಚುವವರು, ಕಸದ ಗಾಡಿಯಿಂದ ಬಿದ್ದವರು, ಇಂಥವರ ಫೈಲು ಬಂದರೆ ಅಶ್ವತ್ಥ್ ನನ್ನ ಕಡೆ ತಳ್ಳುತ್ತಿದ್ದ. "ನಿನ್ ಡಿಪಾರ್ಟ್‌ಮೆಂಟ್ ಕಣಮ್ಮ."

ನರಸಿಂಹಯ್ಯನ ಫೈಲು ಬಂದದ್ದೂ ಹಾಗೆಯೇ.

ಕೆಂಪಾಪುರದ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಗುಂಡಿಯ ಮೋಟರು ಹಿಂದಿನ ದಿನ ಕಟ್ಟಿಕೊಂಡಿತ್ತು. ಬಿಡಿಸಲು ಅವನನ್ನು ಒಳಗೆ ಇಳಿಸಿದ್ದರು. ಹಗ್ಗ ಇರಲಿಲ್ಲ. ಮೂಗಿಗೆ ಟವೆಲ್ ಇತ್ತು. ಒಳಗೇ ಪ್ರಜ್ಞೆ ತಪ್ಪಿತು. ಎಳೆದು ತೆಗೆದು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಡಾಕ್ಟರು ಬರೆದಿದ್ದರು: ಗುಂಡಿಯ ವಿಷಗಾಳಿ ಸೇವನೆ, ಶ್ವಾಸಕೋಶ ಕೆಲಸ ಮಾಡುತ್ತಿಲ್ಲ, ವೆಂಟಿಲೇಟರ್ ಹಾಕಲಾಗಿದೆ. ಪುಟದ ಕೆಳಗೆ ಎಮರ್ಜೆನ್ಸಿಯ ಇನ್ನೊಬ್ಬ ಡಾಕ್ಟರ ಕೈಬರಹ: ಬಾಯಿಯಲ್ಲಿ ಮದ್ಯದ ವಾಸನೆ ಇದೆ, ಕುಡಿದಿದ್ದಾಗಿ ಹೆಂಡತಿ ಹೇಳುತ್ತಾಳೆ.

ನಾನು ವಿಷಗಾಳಿಯನ್ನು ಮೊದಲು ಹಾಕಿದೆ. ಶ್ವಾಸಕೋಶ ಎರಡನೆಯದು. ಮದ್ಯವನ್ನು ಕೊನೆಗೆ ಹಾಕಿದೆ, ಬಿಡಲಿಲ್ಲ. ಗುತ್ತಿಗೆಯವರು ಮಾಡಿಸಿದ್ದ ಪಾಲಿಸಿ ಇತ್ತು. ಒಪ್ಪಿಗೆ ಬಂದರೆ ವೆಂಟಿಲೇಟರು ಮುಂದುವರಿಯುತ್ತದೆ. ಬರದಿದ್ದರೆ ಇಲ್ಲ. ಮೇಲೆ ಐಸಿಯುನಲ್ಲಿ ಮಲಗಿದ್ದ ಮನುಷ್ಯನಿಗೂ ಉಸಿರಿಗೂ ಮಧ್ಯೆ ಇದ್ದದ್ದು ನನ್ನ ಪರದೆಯ ಮೇಲಿನ ಆ ಮೂರು ಸಾಲು.

ಮಧ್ಯಾಹ್ನ ಇನ್ಶೂರೆನ್ಸಿನವರಿಂದ ಫೈಲು ವಾಪಸು ಬಂತು. ಮದ್ಯದ ಬಗ್ಗೆ ವಿವರಣೆ ಕೊಡಿ ಎಂದು ಕೇಳಿದ್ದರು. ಅದರ ಹಿಂದೆಯೇ ಅಶ್ವತ್ಥ್ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತ. ಆಗ ಅಂದದ್ದು ಆ ಮಾತು. ಮೊದಲನೇ ಸಾಲಲ್ಲಿ ಕುಡಿತ ಹಾಕು.

"ರೂಲ್ ಪ್ರಕಾರ ಗ್ಯಾಸ್ ಮೊದ್ಲು ಬರತ್ತೆ ಸರ್."

"ರೂಲ್ ನಂಗ್ ಗೊತ್ತಿಲ್ವಾ? ನಿಂಗೆ ಹೇಳ್ಕೊಟ್ಟಿದ್ದೇ ನಾನು. ಎಮರ್ಜೆನ್ಸಿಯವ್ರು ಕುಡಿದು ಬಿದ್ದ ಅಂತ ಪೊಲೀಸಿಗೆ ತಿಳಿಸಿ ಆಗಿದೆ. ನೀನೀಗ ಗ್ಯಾಸ್ ಅಂದ್ರೆ ಗುಂಡಿಗೆ ಇಳಿಸಿದವ್ರ ಮೇಲೆ ಕೇಸ್ ಆಗತ್ತೆ. ಮನುಷ್ಯನ್ನ ಗುಂಡಿಗೆ ಇಳಿಸೋ ಹಾಗಿಲ್ಲ, ಕಾನೂನಿದೆ. ಗೊತ್ತು ತಾನೆ?"

"ಗೊತ್ತು. ಅದಕ್ಕೇ ತಾನೆ ಬರೀಬೇಕಾಗಿರೋದು?"

"ಆ ಅಪಾರ್ಟ್‌ಮೆಂಟಿನ ಅಷ್ಟೂ ಮನೆಯವ್ರು ನಮ್ಮ ಆಸ್ಪತ್ರೆಗೇ ಬರೋದು. ಅವರ ಅಸೋಸಿಯೇಷನ್ನಿನವ್ರು ಬೆಳಿಗ್ಗೆಯಿಂದ ಮೇಲೆ ಕೂತಿದಾರೆ. ಯಾಕ್ ಬೇಕು ನಮಗೆ?"

"ಕುಡಿತ ಮೊದ್ಲು ಹಾಕಿದ್ರೆ ಇನ್ಶೂರೆನ್ಸ್ ಸಿಗಲ್ಲ ಸರ್. ವೆಂಟಿಲೇಟರ್ ತೆಗೀತಾರೆ."

"ತೆಗೆಯಲ್ಲ. ಶಿಫ್ಟ್ ಮಾಡ್ತಾರೆ. ಗೌರ್ಮೆಂಟ್ ಆಸ್ಪತ್ರೆ ಇರೋದು ಯಾಕೆ?" ಅವನು ಬಗ್ಗಿ ದನಿ ತಗ್ಗಿಸಿದ. ಅಕ್ಕರೆಯ ದನಿ ಮಾಡಿದ. ಬೈದಿದ್ದರೇ ಚೆನ್ನಾಗಿತ್ತು. "ನೋಡು, ಮೇಲೆ ಅವನ ಹೆಂಡ್ತಿ ಇದಾಳೆ. ದಿನಾ ಕುಡೀತಿದ್ದ, ಅವತ್ತೂ ಕುಡಿದಿದ್ದ ಅಂತ ಒಂದು ಹೇಳಿಕೆಗೆ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ. ನಿಮ್ ಕಡೆಯವ್ರು. ನೀನ್ ಹೇಳಿದ್ರೆ ಕೇಳ್ತಾಳೆ."

ಪ್ರಿಂಟರಿನಿಂದ ಹಾಳೆ ತೆಗೆದು ನನ್ನ ಕೈಗೆ ಕೊಟ್ಟ. ಹೇಳಿಕೆ ಆಗಲೇ ತಯಾರಾಗಿತ್ತು. ಹೆಬ್ಬೆಟ್ಟಿಗೆ ಕೆಳಗೆ ಜಾಗ ಬಿಟ್ಟಿದ್ದರು. ನಾನು ತೆಗೆದುಕೊಂಡೆ. ಮೇಲೆ ಹೋದೆ.

ಐಸಿಯು ಬಾಗಿಲಿನ ಮುಂದೆ ಸಾಲಾಗಿ ಸ್ಟೀಲ್ ಕುರ್ಚಿಗಳಿದ್ದವು. ಜನ ಕೂತಿದ್ದರು. ಗಂಗರತ್ನಮ್ಮ ನೆಲದ ಮೇಲೆ, ಕಂಬಕ್ಕೆ ಒರಗಿ ಕೂತಿದ್ದಳು. ಗುಂಡಿಯಿಂದ ಗಂಡನನ್ನು ಎಳೆಯುವಾಗ ಇವಳೂ ಕೈ ಹಾಕಿದ್ದಳಂತೆ. ಸೀರೆ ಮೊಣಕಾಲಿನವರೆಗೆ ಕಪ್ಪಾಗಿ ಒಣಗಿತ್ತು. ವಾಸನೆ ಬರುತ್ತಿತ್ತು. ಹತ್ತಿರದ ಕುರ್ಚಿಗಳು ಖಾಲಿಯಾಗಿದ್ದವು. ಒಬ್ಬಾಕೆ ಮೂಗಿಗೆ ಸೆರಗು ಹಿಡಿದು ಸೆಕ್ಯುರಿಟಿಯವನಿಗೆ ಏನೋ ಹೇಳುತ್ತಿದ್ದಳು.

ನಾನು ಎದುರಿಗೆ ನೆಲದ ಮೇಲೆ ಕೂತೆ.

"ಏಳಿ ಮೇಡಮ್ಮಾರೆ, ಬಟ್ಟೆ ಕೊಳೆಯಾಯ್ತದೆ," ಅಂದಳು.

"ಆಗ್ಲಿ ಬಿಡಿ ಅಕ್ಕ. ನಮ್ಮಮ್ಮನೂ ಮತ್ತಿಕೆರೇಲಿ ರಸ್ತೆ ಗುಡಿಸೋದು."

ಅವಳು ನನ್ನ ಮುಖ ನೋಡಿದಳು. ಕುತ್ತಿಗೆಯ ಐಡಿ ಕಾರ್ಡು ನೋಡಿದಳು. ಮೇಡಮ್ಮಾರು ಹೋಗಿ ಅವ್ವ ಆದೆ.

"ಎಂಗವ್ರವ್ವ ನಮ್ಮೆಜಮಾನ್ರು? ಒಳೀಕೆ ಬುಡ್ತಾ ಇಲ್ಲ ನನ್ನ."

ಮಿಷನ್ನಿನಲ್ಲಿ ಉಸಿರಾಡುತ್ತಿದ್ದಾರೆ ಅಂದೆ. ಕುಡಿದಿದ್ದರಾ ಎಂದು ಕೇಳಿದೆ. ಕೇಳಿದ ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು.

"ಊ ಕಣವ್ವ, ಕುಡ್ದಿದ್ರು. ಡಾಕುಟ್ರೂ ಕೇಳುದ್ರು, ಊ ಅಂದೆ. ಸುಳ್ಳೇಳುದ್ರೆ ಔಸ್ದಿ ಎಚ್ಚುಕಮ್ಮಿ ಆಯ್ತದಲ್ವಾ? ಅದ್ಕೇ ಇರಾದು ಇದ್ದಂಗೆ ಏಳ್ಬುಟ್ಟೆ."

ಇದು ಅವಳು ಮಾಡಿದ ತಪ್ಪು. ಇರುವುದನ್ನು ಇದ್ದ ಹಾಗೆ ಹೇಳಿದ್ದು. ಸುಳ್ಳು ಹೇಳಲು ಗೊತ್ತಿದ್ದವರು ಮೇಲೆ ಏಸಿ ರೂಮಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ಯಾವಾಗ ಕುಡಿದ್ರು ಅಕ್ಕ?"

"ಇಳಿಯಾಕೆ ಮುಂಚೆ. ಗುತ್ತಿಗೆ ಮೇಸ್ತ್ರಿನೇ ಕೊಡಾದು, ಮುಚ್ಚುಳ ತೆಗೆಯಾಕೂ ಮುಂಚೆ ಒಂದು ಕ್ವಾಟ್ರು. ಯಾವತ್ತೂ ಅಂಗೇಯ. ಕುಡೀದೆ ಎಂಗವ್ವ ಇಳಿಯಾದು ಅದ್ರೊಳೀಕೆ? ಎಚ್ಚರ ಇದ್ದೋನು ಇಳಿದಾನಾ?" ಅವಳ ದನಿ ಏರಿತು. "ಮನೇಲಿ ಒಂದು ತೊಟ್ಟು ಮುಟ್ದೋರಲ್ಲ. ಉಗಾದಿಗೂ ಮುಟ್ದೋರಲ್ಲ!"

ನಮ್ಮಪ್ಪನಿಗೂ ಹೀಗೇ ಕೊಡುತ್ತಿದ್ದರು. ಕೆಲಸ ಮುಗಿಸಿ ಬರುವಾಗ ಖಾಲಿ ಬಾಟಲಿ ಮನೆಗೆ ತರುತ್ತಿದ್ದ. ಅಮ್ಮ ತೊಳೆದು ಕೊಬ್ಬರಿ ಎಣ್ಣೆ ತುಂಬಿಡುತ್ತಿದ್ದಳು. ಆ ಎಣ್ಣೆ ಹಚ್ಚಿಸಿಕೊಂಡು, ಎರಡು ಜಡೆ ಹಾಕಿಸಿಕೊಂಡು ನಾನು ಶಾಲೆಗೆ ಹೋದೆ. ಅಪ್ಪ ಯಶವಂತಪುರದ ಮಾರ್ಕೆಟ್ಟಿನ ಹಿಂದಿನ ಮೋರಿಯಲ್ಲಿ ಸತ್ತಾಗ ಎಲ್ಲರೂ ಅಂದದ್ದು ಒಂದೇ ಮಾತು. ಕುಡುಕ, ಕುಡಿದು ಸತ್ತ. ಬಾಟಲಿ ಕೊಟ್ಟವನು ಮಣ್ಣಿಗೆ ಬಂದಿದ್ದ. ಹೂವಿನ ಹಾರ ತಂದಿದ್ದ.

ಗಂಗರತ್ನಮ್ಮ ನನ್ನ ಕೈಯಲ್ಲಿದ್ದ ಹಾಳೆ ನೋಡಿದಳು. ಹೆಬ್ಬೆರಳನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು.

"ಎಲ್ಲಿ ಒತ್ಬೇಕು ಏಳವ್ವ. ಒತ್ತುದ್ರೆ ಉಳುಸ್ಕೊತಾರಂತೆ. ಮೇಸ್ತ್ರಿ ಏಳ್ಬುಟ್ಟು ಓದ."

ಆ ಬೆರಳು ನೋಡಿದೆ. ನೀರಿನಲ್ಲಿ ನೆನೆದು ನೆನೆದು ಚರ್ಮ ಸುಲಿದು ಬೆಳ್ಳಗಾಗಿತ್ತು. ಹೆಬ್ಬೆಟ್ಟಿನ ಗೆರೆಗಳೇ ಸವೆದಿದ್ದವು. ಹಾಳೆಯನ್ನು ಅಡ್ಡಕ್ಕೆ ಹರಿದೆ. ಮತ್ತೆ ಹರಿದೆ. ಸೆಕ್ಯುರಿಟಿಯವನು ತಿರುಗಿ ನೋಡಿದ.

"ಒತ್ಬೇಡಿ ಅಕ್ಕ. ಒತ್ತಿದ್ರೆ ಅವರೇ ಕುಡಿದು ಬಿದ್ರು ಅಂತಾಗತ್ತೆ. ಇನ್ಶೂರೆನ್ಸ್ ಬರಲ್ಲ. ಇಲ್ಲಿಂದ ಆಚೆ ಹಾಕ್ತಾರೆ."

"ಒತ್ನಿಲ್ಲ ಅಂದ್ರೆ ಉಳೀತಾರಾ?"

"ಗೊತ್ತಿಲ್ಲ ಅಕ್ಕ."

ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ. "ಗೊತ್ತಿಲ್ದೆ ಯಾಕವ್ವ ಅರುದ್ದೆ? ಓದ್ದೋಳಲ್ವಾ ನೀನು? ನಮ್ಮೋಳು ಒಬ್ಬಳು ಒಳಗವ್ಳೆ ಅಂತ ಇಷ್ಟೊತ್ತೂ ಜೀವ ಇಟ್ಕೊಂಡು ಕೂತಿದ್ನಲ್ಲ!"

ಒತ್ತಿದರೂ ಸಾವು, ಒತ್ತದಿದ್ದರೆ ಬೇರೆ ದಾರಿ ಹುಡುಕುತ್ತಾರೆ, ಆಗಲೂ ಸಾವು. ಆ ಹಾಳೆಯನ್ನು ತಯಾರು ಮಾಡಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವಳು ನಂಬಲಿ ಅಂತಲೇ ನನ್ನನ್ನು ಕಳಿಸಿದ್ದರು.

"ಅಕ್ಕ, ಅವತ್ತು ಏನೇನಾಯ್ತು ಅಂತ ಮೊದಲಿಂದ ಹೇಳಿ. ಯಾವುದು ಮುಂಚೆ, ಯಾವುದು ಆಮೇಲೆ. ಅದೇ ಥರ ಬರೆದು ಕಳಿಸ್ತೀನಿ. ನನ್ನ ಕೈಲಿ ಆಗೋದು ಇಷ್ಟೇ."

ಅವಳು ನೆಲ ನೋಡುತ್ತಾ ಹೇಳಿದಳು. "ಮೊದ್ಲು ಮೇಸ್ತ್ರಿ ಬಂದ. ಬಾಗ್ಲು ತಟ್ದ. ಅವ್ರು ಒಲ್ಲೆ ಅಂದ್ರು. ನಾಳಿಂದ ಕೆಲ್ಸುಕ್ಕೆ ಬರ್ಬ್ಯಾಡ ಅಂದ. ಅವ್ರು ಒಂಟ್ರು, ನಾನೂ ಒಂಟೆ. ಅಲ್ಲೋದ್ಮೇಲೆ ಮೇಸ್ತ್ರಿ ಬಾಟ್ಲಿ ಕೊಟ್ಟ. ಅವ್ರು ಕುಡುದ್ರು. ಮುಚ್ಚುಳ ತೆಗುದ್ರು. ಇಳುದ್ರು. ನಾನು ಕೂಗ್ದೆ. ಊಂಗುಟ್ನಿಲ್ಲ."

ನಾನು ಕೆಳಗೆ ಬಂದೆ. ಗೋಡೆ ಪಕ್ಕದ ನನ್ನ ಸೀಟಿನಲ್ಲಿ ಕೂತೆ. ವಿವರಣೆ ಕೇಳಿದ ಜಾಗದಲ್ಲಿ ಸಾಮಾನ್ಯವಾಗಿ ಒಂದು ಸಾಲು ಬರೆಯುತ್ತೇವೆ. ನಾನು ಗಂಗರತ್ನಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ, ಅದೇ ಕ್ರಮದಲ್ಲಿ ಟೈಪ್ ಮಾಡಿದೆ. ಮೇಸ್ತ್ರಿಗೆ ಕೋಡ್ ಇಲ್ಲ. ನಾಳೆಯಿಂದ ಬರಬೇಡ ಎಂಬ ಮಾತಿಗೂ ಕೋಡ್ ಇಲ್ಲ. ಇಷ್ಟು ದಪ್ಪ ಪುಸ್ತಕ, ಗಿಳಿ ಕಚ್ಚಿದ್ದಕ್ಕೂ ಅದರಲ್ಲಿ ಕೋಡ್ ಇದೆ. ಇದಕ್ಕಿಲ್ಲ.

ಅಶ್ವತ್ಥ್ ಹಿಂದಿನಿಂದ ಓದುತ್ತಿದ್ದ. "ಏನಮ್ಮ ಇದು? ಕಥೆ ಬರೀತಿದೀಯಾ? ಹೇಳಿಕೆ ಎಲ್ಲಿ?"

"ಹರಿದು ಹಾಕ್ದೆ."

"ತಲೆ ಕೆಟ್ಟಿದ್ಯಾ ನಿಂಗೆ? ಅಳಿಸು ಅದನ್ನ. ಸಾಲು ಬದಲಾಯಿಸು."

"ಬದಲಾಯಿಸಲ್ಲ."

"ದಾಕ್ಷಾಯಣಿ, ಒಂದ್ಸಲ ಯೋಚ್ನೆ ಮಾಡು. ನಿಂಗೆ ಈ ಸೀಟ್ ಸಿಕ್ಕಿದ್ದೇ ಹೆಚ್ಚು."

"ಈ ಸೀಟಲ್ಲಿ ನೀವ್ ಕೂತ್ಕೊಳ್ಳಿ ಸರ್. ಒಂದು ಮಧ್ಯಾಹ್ನ ಕೂತ್ಕೊಳ್ಳಿ. ಅಭ್ಯಾಸ ಆಗತ್ತೆ."

ಬಟನ್ ಒತ್ತಿದೆ. ಹೋಯಿತು. ಅವನ ಮುಖ ಕೆಂಪಾಯಿತು. ಬಾಯಿಗೆ ಬಂದ ಜಾತಿಯ ಮಾತನ್ನು ಅರ್ಧಕ್ಕೆ ನುಂಗಿದ. ನುಂಗಿದ್ದು ನನಗೆ ಕೇಳಿಸಿತು, ಎಲ್ಲರಿಗೂ ಕೇಳಿಸಿತು. ಯಾರೂ ಸ್ಕ್ರೀನಿನಿಂದ ತಲೆ ಎತ್ತಲಿಲ್ಲ.

ಅವತ್ತೇ ಕೆಲಸದಿಂದ ತೆಗೆದು ಐಡಿ ಕಾರ್ಡ್ ಕಿತ್ತುಕೊಂಡರು. ಗೇಟಿನಲ್ಲಿ ನನ್ನ ಬ್ಯಾಗು ಬಿಚ್ಚಿಸಿ ತಪಾಸಣೆ ಮಾಡಿದರು. ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದರು. ಅದರೊಳಗೆ ತಸ್ನೀಮಳ ನಿಂಬೆಹಣ್ಣು ಇತ್ತು. ಸೆಕ್ಯುರಿಟಿಯವನು ಅದನ್ನು ಎತ್ತಿ ನೋಡಿ ಮತ್ತೆ ಇಟ್ಟ. ಹೆಬ್ಬಾಳದ ಫ್ಲೈಓವರಿನ ಕೆಳಗೆ ಬಸ್ಸಿಗೆ ಕಾಯುತ್ತಾ ನಿಂತಾಗ ಮತ್ತಿಕೆರೆಯ ಎರಡು ಬಸ್ಸು ಬಂದು ಹೋದವು, ಹತ್ತಲಾಗಲಿಲ್ಲ. ಧೈರ್ಯ ಅಲ್ಲ ಅದು. ಬರೀ ಭಯ.

ಮರುದಿನ ತಸ್ನೀಮ್ ಫೋನ್ ಮಾಡಿದಳು. ಬಾತ್‌ರೂಮಿನಿಂದ ಮಾಡಿದ್ದಿರಬೇಕು, ನಲ್ಲಿಯ ಸದ್ದು ಕೇಳುತ್ತಿತ್ತು.

"ದಾಕ್ಷಾ, ರಿಜೆಕ್ಟ್ ಆಯ್ತು ಕಣೇ."

"ನಾನು ಸರಿಯಾಗೇ ಕಳಿಸಿದ್ನಲ್ಲ?"

"ನೀನು ಹೋದ್ಮೇಲೆ ವಾಪಸ್ ತರಿಸಿದ್ರು, ತಪ್ಪಾಗಿ ಹೋಗಿದೆ ಅಂತ. ಕುಡಿತ ಮೊದ್ಲು ಹಾಕಿದ್ರು. ನೀನು ಬರೆದಿದ್ದೆಲ್ಲ ಅಳಿಸಿದ್ರು. ಅಶ್ವತ್ಥ್ ಸರ್ ತಾವೇ ಕೂತು ಮಾಡಿದ್ರು." ನಲ್ಲಿಯ ಸದ್ದು ಜೋರಾಯಿತು. "ನಿನ್ ಲಾಗಿನ್ನಲ್ಲೇ ಮಾಡಿದ್ರು ಕಣೇ. ಅದಿನ್ನೂ ಕ್ಲೋಸ್ ಆಗಿರ್ಲಿಲ್ಲ. ಕೋಡ್ ಮಾಡಿದವರು ದಾಕ್ಷಾಯಣಿ ಅಂತಾನೇ ಇದೆ. ನಾನು ಪಕ್ಕದಲ್ಲೇ ಕೂತು ನೋಡ್ತಿದ್ದೆ. ಏನೂ ಮಾತಾಡ್ಲಿಲ್ಲ. ಮಾಫ್ ಮಾಡು. ನಂದೊಂದೇ ಸಂಬಳ ಮನೇಲಿ."

ಅವಳನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ಫೋನ್ ಇಟ್ಟ ಮೇಲೆ ಅಡುಗೆಮನೆಯ ನೆಲದ ಮೇಲೆ ಕೂತೆ. ಹಾಕುವುದಿಲ್ಲ ಅಂದೆನಲ್ಲ, ಅದಕ್ಕೆ ಬಂದ ಬೆಲೆ ಇದು. ನನ್ನ ಹೆಸರನ್ನೇ ಕೈಗವಸಿನ ಹಾಗೆ ತೊಟ್ಟುಕೊಂಡು ಆ ಕೆಲಸ ಮಾಡಿದ್ದರು. ಅಮ್ಮ ಪೊರಕೆ ಮೂಲೆಗಿಟ್ಟು ಬಂದು ಎದುರು ಕೂತಳು. ಎಲ್ಲ ಹೇಳಿದೆ. ಅಪ್ಪನ ಸುದ್ದಿ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

"ಆ ಹೆಂಗ್ಸು ಊಟ ಮಾಡಿರ್ತಾಳಾ?" ಅಂದಳು. ಡಬ್ಬಿಗೆ ಮುದ್ದೆ, ಉಪ್ಸಾರು ಹಾಕಿಕೊಟ್ಟಳು.

ನರಸಿಂಹಯ್ಯನನ್ನು ಸರ್ಕಾರಿ ಆಸ್ಪತ್ರೆಗೆ ಸಾಗಿಸಿದ್ದರು. ಹುಡುಕಿಕೊಂಡು ಹೋದೆ. ವೆಂಟಿಲೇಟರ್ ಯಾವುದೂ ಖಾಲಿ ಇರಲಿಲ್ಲ. ಅವನನ್ನು ವಾರ್ಡಿನ ಹೊರಗೆ, ಕಾರಿಡಾರಿನಲ್ಲಿ ಒಂದು ಸ್ಟ್ರೆಚರಿನ ಮೇಲೆ ಮಲಗಿಸಿದ್ದರು. ಗಂಟಲಿಗೆ ಕೊಳವೆ. ಕೊಳವೆಯ ತುದಿಗೆ ಒಂದು ರಬ್ಬರ್ ಚೀಲ. ಅದನ್ನು ಕೈಯಲ್ಲಿ ಹಿಸುಕಿದರೆ ಗಾಳಿ ಒಳಗೆ ಹೋಗುತ್ತದೆ. ಬಿಟ್ಟರೆ ಹೊರಗೆ ಬರುತ್ತದೆ. ನಿಲ್ಲಿಸಿದರೆ ಮನುಷ್ಯ ನಿಲ್ಲುತ್ತಾನೆ. ನರ್ಸು ಗಂಗರತ್ನಮ್ಮನಿಗೆ ತೋರಿಸಿಕೊಟ್ಟು ಬೇರೆ ರೋಗಿಗಳ ಕಡೆ ಹೋಗಿದ್ದಳು. ಬೆಳಗಿನಿಂದ ಅವಳೊಬ್ಬಳೇ ಹಿಸುಕುತ್ತಿದ್ದಳು. ಬೆರಳುಗಳು ಸೆಟೆದು ಕೊಕ್ಕೆಯಂತಾಗಿದ್ದವು.

ನನ್ನನ್ನು ನೋಡಿದರೂ ಹಿಸುಕುವುದು ನಿಲ್ಲಿಸಲಿಲ್ಲ. ಬೈಯಲಿಲ್ಲ.

"ಕೊಡಿ ಅಕ್ಕ. ನೀವು ಉಣ್ಣಿ."

"ನಿಲ್ಲಿಸ್ಬ್ಯಾಡ ಕಣವ್ವ. ಒಂದ್ ಗಳಿಗೇನೂ ನಿಲ್ಲಿಸ್ಬ್ಯಾಡ."

ಅವಳ ಕೈಯಿಂದ ನನ್ನ ಕೈಗೆ ಚೀಲ ಬಂತು. ಹಿಸುಕಿದೆ. ಅವನ ಎದೆ ಮೇಲೆದ್ದಿತು. ಬಿಟ್ಟೆ. ಇಳಿಯಿತು. ಸ್ವಲ್ಪ ಹೊತ್ತಿಗೇ ಮುಂಗೈ ಉರಿಯಿತು. ಕೀಬೋರ್ಡಿಗೆ ಒಗ್ಗಿದ ಕೈ. ಗಂಗರತ್ನಮ್ಮ ಬಗ್ಗದ ಬೆರಳಲ್ಲಿ ಮುದ್ದೆ ಮುರಿದು ನುಂಗುತ್ತಿದ್ದಳು. ಕಣ್ಣು ಮಾತ್ರ ಗಂಡನ ಎದೆಯ ಮೇಲೇ ಇತ್ತು.

ಆಗ ಪೊಲೀಸಿನವನು ಬಂದ. ಇಂಥ ಕೇಸು ಬಂದರೆ ಇಲ್ಲಿನ ಡಾಕ್ಟರು ಹೇಳಿ ಕಳಿಸಲೇಬೇಕು. ಕಂಕುಳಲ್ಲಿ ಫೈಲು, ಕೈಯಲ್ಲಿ ಪೆನ್ನು. ಸ್ಟ್ರೆಚರಿನ ತುದಿಯಲ್ಲಿ ನಿಂತು ಮೊದಲಿನ ಆಸ್ಪತ್ರೆಯ ಕಾಗದ ತಿರುವಿದ. ಮೊದಲ ಸಾಲು ಓದಿದ. ಅಷ್ಟೇ ಓದಿದ.

"ಕುಡಿದಿದ್ನಾ?" ಅಂದ.

ಗಂಗರತ್ನಮ್ಮ ಬಾಯಲ್ಲಿದ್ದ ತುತ್ತು ನುಂಗಿದಳು. "ಅದು ಆಮ್ಯಾಕೆ ಸೋಮಿ. ಮೊದ್ಲು ಮೇಸ್ತ್ರಿ ಬಂದ. ಅದ್ನ ಬರ್ಕಳಿ."

"ಕೇಳಿದ್ದಕ್ಕೆ ಹೇಳಮ್ಮ. ಕುಡಿದಿದ್ನೋ ಇಲ್ವೋ?"

"ಮೊದ್ಲು ಮೇಸ್ತ್ರಿ ಬಂದ. ಬಾಗ್ಲು ತಟ್ದ."

ಅವನು ನನ್ನ ಕಡೆ ತಿರುಗಿದ. "ನೀನ್ಯಾರಮ್ಮ? ಮಗಳಾ?"

"ನಿಮ್ಮ ಕೈಲಿರೋ ಕಾಗದದ ಕೆಳಗೆ ದಾಕ್ಷಾಯಣಿ ಅಂತ ಇದೆ ನೋಡಿ. ಕುಡಿತ ಮೊದ್ಲು ಅಂತ ಬರೆದವಳು ಅಂತ. ಆ ದಾಕ್ಷಾಯಣಿ ನಾನೇ. ನಾನು ಗುಂಡಿಯ ಗಾಳಿ ಅಂತ ಬರೆದಿದ್ದೆ. ಯಾರು ಬದಲಾಯಿಸಿದ್ರು ಅಂತಾನೂ ಹೇಳ್ತೀನಿ. ಬರ್ಕೊಳ್ಳಿ."

ಪೊಲೀಸಿನವನು ಕಾಗದ ನೋಡಿದ. ನನ್ನನ್ನು ನೋಡಿದ. ಪೆನ್ನಿಗೆ ಕ್ಯಾಪ್ ಹಾಕಿದ. "ಹಿಂಗ್ ತಲೆ ತಿಂದ್ರೆ ಆಗಲ್ಲ. ಒಂದೇ ಮಾತಲ್ಲಿ ಹೇಳೋದಾದ್ರೆ ಹೇಳಿ. ಇಲ್ದಿದ್ರೆ ನಾನ್ ಹೋಗ್ತೀನಿ."

"ಹೋಗಿ ಸರ್. ಆಮೇಲೆ ಬನ್ನಿ, ನಾಳೆ ಬನ್ನಿ. ನಾವು ಇಲ್ಲೇ ಇರ್ತೀವಿ. ಕೈ ಬಿಟ್ಟು ಎಲ್ಲಿಗೂ ಹೋಗೋ ಹಾಗಿಲ್ಲ ನಾವು."

ಅವನು ಹೋಗಲಿಲ್ಲ. ಬರೆಯಲೂ ಇಲ್ಲ. ನಾನು ಹಿಸುಕಿದೆ, ಬಿಟ್ಟೆ, ಹಿಸುಕಿದೆ. ಗಂಗರತ್ನಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದು, ನನ್ನ ಕೈಯಿಂದ ಚೀಲ ತೆಗೆದುಕೊಂಡಳು. ಪೊಲೀಸಿನವನ ಮುಖ ನೋಡುತ್ತಲೇ ಮತ್ತೆ ಶುರು ಮಾಡಿದಳು.

"ಮೊದ್ಲು ಮೇಸ್ತ್ರಿ ಬಂದ."